33 ವರ್ಷ ಊರು ಬಿಟ್ಟಿದ್ದ ಮರಳು

ಐರ್ಲೆಂಡಿನ ಪಶ್ಚಿಮ ತುದಿಯಲ್ಲಿ ಅಕಿಲ್ ಅಂತ ಒಂದು ದ್ವೀಪ ಇದೆ. ದ್ವೀಪ ಅಂದರೂ ಸೇತುವೆ ಇದೆ, ಕಾರಿನಲ್ಲೇ ಹೋಗಬಹುದು. ಅಲ್ಲಿನ ಡೂಆ ಎಂಬ ಹಳ್ಳಿಯ ಬೀಚನ್ನು 1984ರ ಬಿರುಗಾಳಿ ಗುಡಿಸಿಕೊಂಡು ಹೋಯಿತು. ಉಳಿದದ್ದು ಬರೀ ಬಂಡೆ. ಬೀಚಿಗೆಂದು ಬರುತ್ತಿದ್ದವರು ಕಡಿಮೆಯಾದರು, ಹೋಟೆಲುಗಳು ಬಾಗಿಲು ಹಾಕಿದವು. ಆಮೇಲೆ 2017ರ ಏಪ್ರಿಲಿನಲ್ಲಿ, ಯಾರೂ ಕೇಳದಿದ್ದರೂ, ಕೆಲವೇ ದಿನಗಳಲ್ಲಿ ಸಮುದ್ರ ರಾಶಿ ರಾಶಿ ಮರಳು ತಂದು ಸುರಿದು ಸುಮಾರು 300 ಮೀಟರ್ ಉದ್ದದ ಬೀಚನ್ನು ವಾಪಸ್ ಕೊಟ್ಟಿತು. ಸುದ್ದಿ ದೇಶ ದಾಟಿತು, ಜನ ಓಡಿ ಬಂದರು. 2019ರಲ್ಲಿ ಮತ್ತೆ ಎಲ್ಲ ಮಾಯ. ಕೊಟ್ಟಿದ್ದು ಕೈಸಾಲ ಇರಬೇಕು!

ನಮ್ಮ ಕರಾವಳಿಯವರಿಗೆ ಇದು ಅಷ್ಟೇನೂ ವಿಚಿತ್ರ ಅನ್ನಿಸಲಿಕ್ಕಿಲ್ಲ. ಮಳೆಗಾಲದಲ್ಲಿ ಕಡಲು ದಡದ ಹೊಯ್ಗೆ ಎಳೆದುಕೊಳ್ಳುತ್ತದೆ, ಮಳೆ ನಿಂತ ಮೇಲೆ ನಿಧಾನವಾಗಿ ತಂದು ಹಾಕುತ್ತದೆ. ಅಲ್ಲಿ ಮಳೆಗಾಲದ ಜಾಗದಲ್ಲಿ ಚಳಿಗಾಲದ ಬಿರುಗಾಳಿ, ಅಷ್ಟೇ ವ್ಯತ್ಯಾಸ. ಬಿರುಗಾಳಿಯ ಅಲೆಗಳು ಎತ್ತರ, ಒಂದರ ಬೆನ್ನಿಗೆ ಇನ್ನೊಂದು ಬರುತ್ತವೆ. ಮೇಲೇರಿದ ನೀರು ಮರಳಲ್ಲಿ ಇಂಗಲು ಪುರುಸೊತ್ತೇ ಸಿಗದೆ, ಮರಳನ್ನೂ ಎಳೆದುಕೊಂಡು ಹಿಂದಕ್ಕೆ ಜಾರುತ್ತದೆ. ಆ ಮರಳು ಸ್ವಲ್ಪ ದೂರದಲ್ಲಿ ನೀರಿನಡಿ ದಿಬ್ಬವಾಗಿ ಕೂರುತ್ತದೆ. ಬೇಸಿಗೆಯ ತಗ್ಗು ಅಲೆಗಳು ಅದನ್ನೇ ಚೂರು ಚೂರಾಗಿ ದಡಕ್ಕೆ ತಳ್ಳುತ್ತವೆ. ಮಾಮೂಲಿಗೆ ಇದು ವರ್ಷ ವರ್ಷದ ಲೆಕ್ಕ. ಡೂಆದಲ್ಲಿ ಲೆಕ್ಕ ಚುಕ್ತಾ ಆಗಲು 33 ವರ್ಷ ಬೇಕಾಯಿತು.

ಅದಿರಲಿ, ಇಷ್ಟು ಒರಟು ಕರಾವಳಿಯಲ್ಲಿ ಮರಳು ನಿಲ್ಲುವುದಾದರೂ ಹೇಗೆ? ತೇರು ಬೀದಿಯ ಮೂಲೆಯಲ್ಲಿ ತಿರುಗುವುದನ್ನು ನೋಡಿದ್ದೀರಲ್ವಾ? ಒಂದು ಕಡೆಯ ಚಕ್ರಕ್ಕೆ ಮರದ ತುಂಡು ಒಡ್ಡಿ ತಡೆಯುತ್ತಾರೆ, ಇನ್ನೊಂದು ಕಡೆ ಉರುಳುತ್ತಲೇ ಇರುತ್ತದೆ, ತೇರು ತಿರುಗುತ್ತದೆ. ಅಲೆಯೂ ಹಾಗೇ. ಚಾಚಿಕೊಂಡ ಬಂಡೆಯ ಹತ್ತಿರ ನೀರು ಆಳವಿಲ್ಲ, ಅಲ್ಲಿ ಅಲೆಯ ಆ ತುದಿ ನಿಧಾನವಾಗುತ್ತದೆ. ಆಳದಲ್ಲಿರುವ ತುದಿ ಮುಂದೆ ಹೋಗುತ್ತದೆ. ಇಡೀ ಅಲೆ ಬಂಡೆಯ ಕಡೆ ಬಾಗಿ, ಹೊಡೆತ ಜಾಸ್ತಿ ಬೀಳುವುದು ಬಂಡೆಗೆ. ಒಳಗಿನ ಕೊಲ್ಲಿಗೆ ಬರುವಷ್ಟರಲ್ಲಿ ಅದರ ಕಸುವು ಹರಡಿ ಸೊರಗಿರುತ್ತದೆ, ಮರಳು ಅಲ್ಲಿ ತಳವೂರುತ್ತದೆ.

ಅಕಿಲ್ ದ್ವೀಪದ್ದೇ ಕೀಮ್ ಬೇ ಇದಕ್ಕೆ ಒಳ್ಳೇ ಉದಾಹರಣೆ. ಕುದುರೆ ಲಾಳದ ಆಕಾರ, ಎರಡೂ ಕಡೆ ಗುಡ್ಡ, ನಡುವೆ ಬೊಗಸೆಯಷ್ಟು ಮರಳು. ಹಿಂದಿನ ಕ್ರೋಹಾನ್ ಬೆಟ್ಟ 688 ಮೀಟರ್ ಎತ್ತರ, ಅದರ ಆ ಬದಿ ನೇರ ಸಮುದ್ರಕ್ಕೆ ಇಳಿಯುತ್ತದೆ. ಬಿಸಿಲಿದೆ ಅಂತ ಟವೆಲ್ ಹಾಸುವಷ್ಟರಲ್ಲಿ ಮಳೆ ಹನಿಯಬಹುದು, ಅದನ್ನು ಮಾತ್ರ ಸಹಿಸಿಕೊಳ್ಳಬೇಕು.

ನನಗೆ ಇದಕ್ಕಿಂತ ಇಷ್ಟ ದಕ್ಷಿಣಕ್ಕೆ, ಕಾನೆಮಾರಾದ ರೌಂಡ್‌ಸ್ಟೋನ್ ಊರಿನ ಹತ್ತಿರ ಇರುವ ಡಾಗ್ಸ್ ಬೇ. ಅದರ ಬೆನ್ನಿಗೆ ಬೆನ್ನು ಕೊಟ್ಟು ಗುರ್ಟೀನ್ ಬೀಚ್ ಇದೆ. ನಡುವಿನ ಮರಳಿನ ಪಟ್ಟಿ, ಹಿಂದೆ ದ್ವೀಪವಾಗಿದ್ದ ಗ್ರಾನೈಟ್ ತುಂಡನ್ನು ನೆಲಕ್ಕೆ ಕಟ್ಟಿಹಾಕಿದೆ. ಬೇರೆ ಕಡೆಯ ಮರಳು ಹೆಚ್ಚಾಗಿ ಬಂಡೆಯ ಪುಡಿ. ಹಿಮಯುಗದಲ್ಲಿ ಹಿಮನದಿಗಳು ಅರೆದು ಬಿಟ್ಟುಹೋದದ್ದು, ಆಮೇಲೆ ಸಮುದ್ರ ದಡಕ್ಕೆ ತಳ್ಳಿದ್ದು. ಇಲ್ಲಿ ಹಾಗಲ್ಲ. ಸುತ್ತಲೂ ಗ್ರಾನೈಟ್ ಇದ್ದರೂ ಮರಳು ಬೆಳ್ಳಗೆ. ಒಂದು ಚಿಟಿಕೆ ಅಂಗೈಗೆ ಹಾಕಿ ಭೂತಗನ್ನಡಿಯಲ್ಲಿ ನೋಡಿದರೆ ಒಡೆದ ಚಿಪ್ಪುಗಳ ನಡುವೆ ಪುಟಾಣಿ ಸುರುಳಿಗಳು, ಗುಳ್ಳೆ ಪೋಣಿಸಿದಂಥ ಗೂಡುಗಳು ಕಾಣುತ್ತವೆ. ಅವು ಫೊರಾಮಿನಿಫೆರಾ, ಅಂದರೆ ಒಂದೇ ಜೀವಕೋಶದ ಸಮುದ್ರಜೀವಿಗಳು ಕಟ್ಟಿಕೊಂಡ ಸುಣ್ಣದ ಮನೆಗಳು. ಜೀವಿ ಸತ್ತಿದೆ, ಮನೆ ಉಳಿದಿದೆ. ಆ ಚಿಟಿಕೆಗೆ ಎರಡು ಹನಿ ವಿನೆಗರ್ ಬಿಟ್ಟರೆ ಬುಸ್ ಅಂತ ನೊರೆ ಬರುತ್ತದೆ. ಗ್ರಾನೈಟ್ ಪುಡಿಗೆ ಏನೂ ಆಗುವುದಿಲ್ಲ. ಈಜಿಪ್ಟಿನ ದೊಡ್ಡ ಪಿರಮಿಡ್ಡಿನ ಸುಣ್ಣದ ಕಲ್ಲಿನಲ್ಲೂ ಇದೇ ಕುಲದವರ ಗೂಡುಗಳಿವೆ, ಅಲ್ಲಿಯವು ನಾಣ್ಯದಷ್ಟು ದೊಡ್ಡವು.

ಇದೇ ಕಾನೆಮಾರಾ ಕಡೆ ಕ್ಯಾರರೋ ಹತ್ತಿರದ ಟ್ರಾ ಅನ್ ಡೋಲೀನ್ ಇನ್ನೂ ತಮಾಷೆ. ಎಲ್ಲರೂ ಅದನ್ನು ಹವಳದ ಬೀಚ್ ಅನ್ನುತ್ತಾರೆ. ಅದು ಹವಳವೇ ಅಲ್ಲ. ಮೇರ್ಲ್ ಎಂಬ ಕೆಂಪು ಪಾಚಿ, ಮೈತುಂಬ ಸುಣ್ಣ ತುಂಬಿಕೊಂಡು ಕಲ್ಲಿನಂತೆ ಗಟ್ಟಿಯಾಗುತ್ತದೆ. ಬದುಕಿರುವಾಗ ನಸುಗೆಂಪು, ಸತ್ತು ದಡ ಸೇರಿ ಬಿಸಿಲುಂಡ ಮೇಲೆ ಬಿಳಿ. ಬೆಳೆಯುವುದು ವರ್ಷಕ್ಕೆ ಒಂದು ಮಿಲಿಮೀಟರ್ ಆಸುಪಾಸು, ಹಾಗಾಗಿ ನೆನಪಿಗೆ ಅಂತ ಸುಮ್ನೆ ಜೇಬು ತುಂಬಿಕೊಳ್ಳಬೇಡಿ. ಕೈಯಲ್ಲಿ ಹಿಡಿದರೆ ಶುಂಠಿಯ ಕವಲಿನ ಪುಟ್ಟ ರೂಪ. ಕಾಲಿಗೆ ಚೆನ್ನಾಗಿ ಚುಚ್ಚುತ್ತದೆ, ಚಪ್ಪಲಿ ಬಿಚ್ಚಬೇಡಿ.