ಮ್ಯೂಸಿಯಂ ದಿನದ 'ಮುಕ್ತ' ಮತ್ತು 'ಉಚಿತ'

ಮೇ 18 ಹತ್ತಿರ ಬಂತೆಂದರೆ ಫೋನಿಗೆ ಅದೇ ಮೆಸೇಜು ಬರುತ್ತದೆ. 'ಅಂತರರಾಷ್ಟ್ರೀಯ ವಸ್ತುಸಂಗ್ರಹಾಲಯ ದಿನ. ಎಲ್ಲ ಮ್ಯೂಸಿಯಂಗಳಲ್ಲೂ ಮುಕ್ತ ಪ್ರವೇಶ.' ಒಂದು ವರ್ಷ ನಾನು ಹೋಗಿದ್ದ ಕಡೆ, ಇಬ್ಬರು ಮಕ್ಕಳನ್ನು ಕರೆದುಕೊಂಡು ಬಂದಿದ್ದ ತಂದೆಯೊಬ್ಬರು ಟಿಕೆಟ್ ಕೌಂಟರಿನಲ್ಲಿ ಈ ಮೆಸೇಜನ್ನೇ ತೋರಿಸುತ್ತಿದ್ದರು.

"ಸಾರ್, ಇಲ್ಲಿ ನೋಡಿ, ಮುಕ್ತ ಅಂತ ಇದೆ."

"ಮುಕ್ತ ಅಂದ್ರೆ ಬಾಗಿಲು ತೆಗೆದಿದೆ ಅಂತ ಸಾರ್. ಟಿಕೆಟ್ ತಗೊಳ್ಳಿ."

ಕೌಂಟರಿನವರ ಕನ್ನಡ ಸರಿಯಾಗಿಯೇ ಇತ್ತು. ಮೆಸೇಜು ಬರೆದವರು ಎಡವಿದ್ದರು. ಮಕ್ಕಳ ಮುಂದೆ ಆ ತಂದೆಯ ಮುಖ ಸಣ್ಣದಾಯಿತು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಇಂಗ್ಲಿಷಿನವರು 'ಫ್ರೀ' ಅನ್ನುವ ಒಂದೇ ಪದದಲ್ಲಿ ಎರಡು ಕೆಲಸ ಮಾಡಿಸುತ್ತಾರೆ. ಕಟ್ಟಿಲ್ಲದ್ದೂ ಫ್ರೀ, ಕಾಸಿಲ್ಲದ್ದೂ ಫ್ರೀ. ನಮಗೆ ಆ ಕಷ್ಟ ಇಲ್ಲ. ಮೊದಲನೆಯದಕ್ಕೆ 'ಮುಕ್ತ' ಇದೆ, ಎರಡನೆಯದಕ್ಕೆ 'ಉಚಿತ' ಇದೆ. ಎರಡೂ ಕೈಯಲ್ಲಿದ್ದು ಒಂದರ ಜಾಗಕ್ಕೆ ಇನ್ನೊಂದನ್ನು ಹಾಕುವುದು ಯಾಕೆ ಅಂತ ನನಗೆ ಅರ್ಥವಾಗುವುದಿಲ್ಲ.

'ಮುಕ್ತ' ಬಂದದ್ದು ಬಿಡುಗಡೆ ಅನ್ನುವ ಅರ್ಥದ 'ಮುಚ್' ಧಾತುವಿನಿಂದ. ಮುಕ್ತಿ, ಮೋಕ್ಷ, ವಿಮೋಚನೆ ಎಲ್ಲ ಅದರದೇ ಬಳಗ. ಇದರಲ್ಲಿ ದುಡ್ಡಿನ ಮಾತೇ ಇಲ್ಲ. ಮೈಸೂರಿನಲ್ಲಿರುವ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯದ ಹೆಸರಿನಲ್ಲೇ 'ಮುಕ್ತ' ಇದೆ. ಅಲ್ಲಿ ಫೀಸು ಕಟ್ಟದೆ ಓದಬಹುದು ಅಂತ ಯಾರೂ ಅಂದುಕೊಳ್ಳುವುದಿಲ್ಲ. ದಿನಾ ಕ್ಲಾಸಿಗೆ ಹೋಗಲಾಗದವರಿಗೂ ಬಾಗಿಲು ತೆರೆದಿದೆ ಅನ್ನುವುದಷ್ಟೇ ಆ ಹೆಸರಿನ ಅರ್ಥ. ಮುಕ್ತ ಮಾರುಕಟ್ಟೆಗೆ ಹೋದವರಿಗೂ ಅಲ್ಲಿ ಸಾಮಾನು ಸುಮ್ನೆ ಸಿಗುವುದಿಲ್ಲ ಅಂತ ಗೊತ್ತು. ಮ್ಯೂಸಿಯಂ ಬಾಗಿಲಿಗೆ ಬಂದಾಗ ಮಾತ್ರ ಯಾಕೆ ಈ ಗೊಂದಲ?

ಇನ್ನೂ ಕೆಟ್ಟದ್ದು 'ಪ್ರವೇಶ ಮುಕ್ತ' ಅನ್ನುವ ಬ್ಯಾನರು. ಒಂದು ಪದದ ಆಮೇಲೆ 'ಮುಕ್ತ' ಬಂದರೆ ಅದು 'ಇಲ್ಲದ' ಅನ್ನುವ ಅರ್ಥ ಕೊಡುತ್ತದೆ. ಪ್ಲಾಸ್ಟಿಕ್ ಮುಕ್ತ ಅಂದರೆ ಪ್ಲಾಸ್ಟಿಕ್ ಇಲ್ಲದ್ದು. ಗುಂಡಿಮುಕ್ತ ರಸ್ತೆ ಅಂದರೆ ಗುಂಡಿ ಇಲ್ಲದ ರಸ್ತೆ. ಇದೇ ಲೆಕ್ಕದಲ್ಲಿ ಓದಿದರೆ 'ಪ್ರವೇಶಮುಕ್ತ ಮ್ಯೂಸಿಯಂ' ಅಂದರೆ ಒಳಗೆ ಹೋಗಲಾಗದ ಮ್ಯೂಸಿಯಂ! 'ಶುಲ್ಕಮುಕ್ತ' ಅಂತ ಬರೆದಿದ್ದರೆ ಸರಿಹೋಗುತ್ತಿತ್ತು. ಅದು ಬೇಡವೆಂದರೆ 'ಟಿಕೆಟ್ ಇಲ್ಲ' ಅಂದರೂ ಸಾಕು.

ಇನ್ನು 'ಉಚಿತ'. ಇದರ ಕಥೆ ನನಗೆ ಬಹಳ ಇಷ್ಟ. ಸಂಸ್ಕೃತದಲ್ಲಿ ಇದಕ್ಕೆ ತಕ್ಕದ್ದು, ಸರಿಯಾದದ್ದು ಎಂದು ಅರ್ಥ. ಕನ್ನಡದಲ್ಲೂ ಆ ಅರ್ಥ ಸತ್ತಿಲ್ಲ. ಸಮಯೋಚಿತ, ಯಥೋಚಿತ, ಅನುಚಿತ, ಔಚಿತ್ಯ ಅನ್ನುವಾಗ ನಾವು ಹಳೆಯ ಅರ್ಥವನ್ನೇ ಬಳಸುತ್ತೇವೆ. ಹಿಂದಿಯವರಂತೂ ಅದನ್ನು ಬಿಟ್ಟೇ ಇಲ್ಲ. ಉತ್ತರದ ಕಡೆ ರೇಷನ್ ಅಂಗಡಿಯ ಮೇಲೆ 'ಉಚಿತ್ ಮೂಲ್ಯ ಕೀ ದುಕಾನ್' ಅಂತ ಬರೆದಿರುತ್ತದೆ. ಅದನ್ನು ಓದಿ ಚೀಲ ಹಿಡಿದು ಓಡುವ ಕನ್ನಡಿಗರೇ, ಸ್ವಲ್ಪ ನಿಲ್ಲಿ. ಅದು ನಮ್ಮ ನ್ಯಾಯಬೆಲೆ ಅಂಗಡಿ. ನಾವು ಉಚಿತ ಅನ್ನುವುದಕ್ಕೆ ಅವರು 'ಮುಫ್ತ್' ಅನ್ನುತ್ತಾರೆ. ತೆಲುಗಿನವರು ಮಾತ್ರ ನಮ್ಮ ಜೊತೆ ಇದ್ದಾರೆ. ಅಲ್ಲಿಯೂ 'ಉಚಿತಂ' ಅಂದರೆ ಕಾಸಿಲ್ಲದ್ದು.

ತಕ್ಕದ್ದು ಅನ್ನುವ ಪದ ಕಾಸಿಲ್ಲದ್ದು ಆದದ್ದು ಹೇಗೆ? ಊಹಿಸುವುದು ಕಷ್ಟವಲ್ಲ. ಮನೆಗೆ ಬಂದವರಿಗೆ, ವಿದ್ವಾಂಸರಿಗೆ, ಬೀಗರಿಗೆ ಅವರವರ ಯೋಗ್ಯತೆಗೆ ತಕ್ಕಂತೆ ಮರ್ಯಾದೆ ಮಾಡುವುದು ನಮ್ಮ ಕಡೆಯ ರೂಢಿ. ತಕ್ಕದ್ದನ್ನು ಕೊಟ್ಟಾಗ ಅದಕ್ಕೆ ಬೆಲೆ ಕೇಳುವುದಿಲ್ಲ. ಹಾಗೆ ಕೊಟ್ಟದ್ದೇ 'ಉಚಿತ' ಆಯಿತು. ಈ ದಾರಿಯಲ್ಲಿ ಯೋಚಿಸಿದರೆ 'ಉಚಿತ ಪ್ರವೇಶ' ಎಷ್ಟು ಚೆನ್ನಾಗಿರುವ ಮಾತು ನೋಡಿ. ಒಳಗಿರುವುದು ಜನರದ್ದೇ ಸೊತ್ತು, ಅದನ್ನು ನೋಡುವುದು ಅವರಿಗೆ ತಕ್ಕದ್ದು.

'ಬಿಟ್ಟಿ'ಗೆ ಈ ಘನತೆ ಇಲ್ಲ. ಅದು ಸಂಸ್ಕೃತದ 'ವಿಷ್ಟಿ', ಅಂದರೆ ಕೂಲಿ ಕೊಡದೆ ಬಲವಂತವಾಗಿ ಮಾಡಿಸುವ ದುಡಿಮೆ. ಇಷ್ಟಕಾ ಇಟ್ಟಿಗೆ ಆದ ಹಾಗೆ ವಿಷ್ಟಿ ಬಿಟ್ಟಿ ಆಯಿತು. ಬಿಟ್ಟಿ ಚಾಕರಿ ಅನ್ನುವಾಗ ಆ ನೋವು ಇನ್ನೂ ಕೇಳಿಸುತ್ತದೆ. ದಯವಿಟ್ಟು 'ಮ್ಯೂಸಿಯಂಗೆ ಬಿಟ್ಟಿ ಎಂಟ್ರಿ' ಅಂತ ಬರೆಯಬೇಡಿ. 'ಪುಕ್ಕಟೆ' ಅನ್ನುವ ಪದ ಆಡುಮಾತಿಗೆ ಸರಿ, ಬೋರ್ಡಿಗೆ ಬೇಡ.

ಈಗ ಮೇ 18ಕ್ಕೆ ಬರೋಣ. ಈ ದಿನವನ್ನು ಗೊತ್ತುಮಾಡಿದ್ದು ಐಕಾಮ್, ಅಂದರೆ ಮ್ಯೂಸಿಯಂಗಳ ಅಂತರರಾಷ್ಟ್ರೀಯ ಮಂಡಳಿ. 1977ರಲ್ಲಿ ಮಾಸ್ಕೋದಲ್ಲಿ ಸೇರಿದ್ದ ಅದರ ಸಭೆಯಲ್ಲಿ ನಿರ್ಣಯವಾಯಿತು. 1992ರಿಂದ ವರ್ಷಕ್ಕೊಂದು ವಿಷಯವನ್ನೂ ಕೊಡುತ್ತಿದ್ದಾರೆ. ಆ ದಿನ ಟಿಕೆಟ್‌ಗೆ ದುಡ್ಡು ತೆಗೆದುಕೊಳ್ಳಬಾರದು ಅನ್ನುವ ನಿಯಮ ಯಾವತ್ತೂ ಇಲ್ಲ. ನಮ್ಮಲ್ಲಿ ಕೆಲವು ಮ್ಯೂಸಿಯಂಗಳು ಕೆಲವು ವರ್ಷ ಮನ್ನಾ ಮಾಡುತ್ತವೆ. ಅದು ಆಯಾ ಸಂಸ್ಥೆಯ ತೀರ್ಮಾನ, ದಿನದ ಅರ್ಥದಲ್ಲಿ ಸೇರಿಲ್ಲ. ಬ್ರಿಟನ್ನಿನಲ್ಲಿ 2001ರ ಡಿಸೆಂಬರಿನಿಂದ ರಾಷ್ಟ್ರೀಯ ಮ್ಯೂಸಿಯಂಗಳ ಕಾಯಂ ಸಂಗ್ರಹಗಳನ್ನು ವರ್ಷವಿಡೀ ಉಚಿತವಾಗಿ ನೋಡಬಹುದು. ಅಲ್ಲಿಯೂ ಮೇ 18 ಬರುತ್ತದೆ, ಆಚರಣೆಯೂ ಇರುತ್ತದೆ.

ಅಮೆರಿಕದಲ್ಲಿರುವ ನೆಂಟರು ಇನ್ನೊಂದು ಗೊಂದಲ ಕಳಿಸುತ್ತಾರೆ. ಅಲ್ಲಿ ಸ್ಮಿತ್ಸೋನಿಯನ್ ಪತ್ರಿಕೆ ನಡೆಸಿಕೊಂಡು ಬಂದ 'ಮ್ಯೂಸಿಯಂ ಡೇ' ಬೇರೆಯೇ. ಅದರ ತಿರುಳೇ ಉಚಿತ. ಮೊದಲೇ ಆನ್‌ಲೈನಿನಲ್ಲಿ ಟಿಕೆಟ್ ಪಡೆದು, ಅದರಲ್ಲಿ ಸೇರಿಕೊಂಡಿರುವ ಮ್ಯೂಸಿಯಂಗೆ ಮಾತ್ರ ಹೋಗಬಹುದಿತ್ತು. ನೆಂಟರು ಕಳಿಸಿದ್ದನ್ನು ನಂಬಿಕೊಂಡು ಇಲ್ಲಿಯ ಕೌಂಟರಿನಲ್ಲಿ ನಿಂತರೆ ಪ್ರಯೋಜನ ಇಲ್ಲ.

ಹಾಗಾದರೆ ಮೇ 18ರ ತಿರುಳು ಏನು? ಅದು 'ಮುಕ್ತ'ದ ಕಡೆಗಿದೆ. 2022ರಲ್ಲಿ ಪ್ರಾಗ್‌ನಲ್ಲಿ ಐಕಾಮ್ ಒಪ್ಪಿದ ಮ್ಯೂಸಿಯಂ ವ್ಯಾಖ್ಯೆಯಲ್ಲಿ ಲಾಭದ ಉದ್ದೇಶವಿಲ್ಲದ್ದು, ಸಾರ್ವಜನಿಕರಿಗೆ ತೆರೆದದ್ದು, ಎಲ್ಲರಿಗೂ ಎಟುಕುವಂಥದ್ದು ಅನ್ನುವ ಮಾತುಗಳಿವೆ. ಟಿಕೆಟ್ ಬೆಲೆಯ ಬಗ್ಗೆ ಒಂದು ಮಾತೂ ಇಲ್ಲ.

ಕಾಸಿಲ್ಲದಿದ್ದರೂ ಬಾಗಿಲು ಮುಚ್ಚಿರಬಹುದು ಅನ್ನುವುದಕ್ಕೆ ಬ್ರಿಟಿಷ್ ಮ್ಯೂಸಿಯಂ ಒಳ್ಳೆಯ ಉದಾಹರಣೆ. 1759ರ ಜನವರಿ 15ರಂದು ಅದು ತೆರೆದಾಗ ಒಂದು ಪೆನ್ನಿಯೂ ಕೊಡಬೇಕಿರಲಿಲ್ಲ. ಆದರೆ ನೋಡಬೇಕೆನ್ನುವವರು ಮೊದಲು ಹೆಸರು, ವಿಳಾಸ, ಸ್ಥಾನಮಾನ ಬರೆದು ಅರ್ಜಿ ಕೊಡಬೇಕಿತ್ತು. ಯೋಗ್ಯರು ಅನ್ನಿಸಿದರೆ ಟಿಕೆಟ್. ಆಮೇಲೆ ಸಣ್ಣ ಗುಂಪಿನಲ್ಲಿ, ಸಿಬ್ಬಂದಿಯ ಹಿಂದೆ ಒಂದು ಸುತ್ತು. ದಿನಗೂಲಿಯವನೊಬ್ಬ ಅಲ್ಲಿಗೆ ಹೋಗುವುದು ಸಾಧ್ಯವಿತ್ತಾ? ಪ್ರವೇಶ ಉಚಿತವಾಗಿತ್ತು, ಮುಕ್ತವಾಗಿರಲಿಲ್ಲ.

ಇದು ಹಳೇ ಕಾಲದ ಮಾತು ಅನ್ನಬೇಡಿ. ಇವತ್ತೂ ಕಾಸಿಲ್ಲದೆ ಒಳಗೆ ಹೋಗಿ, ಏನೂ ಅರ್ಥವಾಗದೆ ಹೊರಗೆ ಬರಬಹುದು. ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯ 1865ರಲ್ಲಿ ಶುರುವಾದದ್ದು. ಅದರ ಸಂಗ್ರಹದಲ್ಲಿ ಮಂಡ್ಯ ಜಿಲ್ಲೆಯ ಆತಕೂರಿನ ಶಾಸನದ ಕಲ್ಲು ಇದೆ. ಸುಮಾರು ಕ್ರಿ.ಶ. 950ರದ್ದು. ಕಾಳಿ ಅನ್ನುವ ನಾಯಿ ಹಂದಿಯ ಮೇಲೆ ಬಿದ್ದು ಕಾದಾಡಿತು, ಎರಡೂ ಸತ್ತವು. ಆ ನಾಯಿಯ ನೆನಪಿಗೆ ನಿಲ್ಲಿಸಿದ ಕಲ್ಲು ಅದು. ನಾಯಿ, ಹಂದಿ ಎರಡನ್ನೂ ಕೆತ್ತಿದ್ದಾರೆ. ಅಕ್ಷರಗಳು ಇವತ್ತಿನ ಕನ್ನಡಿಗರಿಗೆ ಓದಲು ಬರುವುದಿಲ್ಲ. ಇಂಥ ಕಲ್ಲಿನ ಪಕ್ಕ ಹೊಸಗನ್ನಡದಲ್ಲಿ ನಾಲ್ಕು ಸಾಲು ದೊಡ್ಡ ಅಕ್ಷರದಲ್ಲಿದ್ದರೆ ಹತ್ತು ವರ್ಷದ ಮಗುವಿಗೂ ಅದು ಮುಕ್ತ. ಗಾಲಿಕುರ್ಚಿಯಲ್ಲಿ ಬರುವವರಿಗೆ ಇಳಿಜಾರು ದಾರಿ ಇದ್ದರೆ ಅವರಿಗೂ ಮುಕ್ತ. ಈ ಕೆಲಸಗಳನ್ನು ಮಾಡದೆ ಒಂದು ದಿನ ಟಿಕೆಟ್ ಬಿಟ್ಟರೆ ಆ ದಿನ ಉಚಿತ, ಅಷ್ಟೇ.

ತಾರೀಕಿನ ಬಗ್ಗೆಯೂ ಒಂದು ಮಾತು. ಏಪ್ರಿಲ್ 18 ಬೇರೆ, ಮೇ 18 ಬೇರೆ. ಏಪ್ರಿಲಿನದು ಸ್ಮಾರಕಗಳ ದಿನ, ಅದರ ಹಿಂದಿರುವುದು ಐಕೊಮಾಸ್, ಅಂದರೆ ಸ್ಮಾರಕಗಳ ಮತ್ತು ತಾಣಗಳ ಅಂತರರಾಷ್ಟ್ರೀಯ ಮಂಡಳಿ. ಪುರಾತತ್ವ ಸರ್ವೇಕ್ಷಣ ಇಲಾಖೆ ಸ್ಮಾರಕಗಳ ಟಿಕೆಟ್ ಮನ್ನಾ ಮಾಡುವುದು ಜಾಸ್ತಿ ಕೇಳಿಬರುವುದು ಆ ದಿನ. ಹೋದ ತಿಂಗಳ ಸುದ್ದಿಯನ್ನೇ ತಾರೀಕು ತಿದ್ದಿ ಕಳಿಸಬೇಡಿ. ವಾರದ ರಜೆಯನ್ನೂ ನೋಡಿಕೊಳ್ಳಿ. 2026ರ ಮೇ 18 ಸೋಮವಾರ, ಸೋಮವಾರ ರಜೆ ಇರುವ ಮ್ಯೂಸಿಯಂಗಳು ಬೇಕಾದಷ್ಟಿವೆ.

ಬ್ಯಾನರು ಬರೆಸುವವರಿಗೆ ಇಷ್ಟು ಸಾಕು: 'ಮೇ 18, ಬೆಳಿಗ್ಗೆ 10ರಿಂದ ಸಂಜೆ 5. ಇವತ್ತು ಟಿಕೆಟ್ ಇಲ್ಲ. ಎಲ್ಲರೂ ಬನ್ನಿ.' ಟಿಕೆಟ್ ಇದ್ದರೆ ಎಷ್ಟು ಅಂತ ಬರೆಯಿರಿ. ಮಕ್ಕಳನ್ನು ಕರೆದುಕೊಂಡು ಬರುವವರು ಮನೆಯಿಂದ ಹೊರಡುವಾಗಲೇ ಚಿಲ್ಲರೆ ಇಟ್ಟುಕೊಳ್ಳುತ್ತಾರೆ.