ಬರ್ಡ್ ಆಫ್ ಪ್ಯಾರಡೈಸ್ ನೋಡಲು ಎಲ್ಲಿಗೆ ಹೋಗಬೇಕು?

ಪ್ರಶ್ನೆ: ವಿಡಿಯೋಗಳಲ್ಲಿ ಕುಣಿಯುವ ಬರ್ಡ್ ಆಫ್ ಪ್ಯಾರಡೈಸ್ ಹಕ್ಕಿ ನಮ್ಮ ಪಶ್ಚಿಮ ಘಟ್ಟದಲ್ಲೂ ಇದೆಯೇ? ಇಲ್ಲವಾದರೆ ಎಲ್ಲಿ ನೋಡಬಹುದು?

ಉತ್ತರ: ಇಲ್ಲ. ಘಟ್ಟದಲ್ಲಿ ಉದ್ದನೆಯ ಬಿಳಿ ಬಾಲ ಬಳುಕಿಸುತ್ತ ಹಾರುವುದು ಪ್ಯಾರಡೈಸ್ ಫ್ಲೈಕ್ಯಾಚರ್, ಅಂದರೆ ರಾಜಹಕ್ಕಿ. ಅದರ ಕುಟುಂಬವೇ ಬೇರೆ. ನಿಜವಾದ ಬರ್ಡ್ ಆಫ್ ಪ್ಯಾರಡೈಸ್‌ಗಳಲ್ಲಿ ಸುಮಾರು 45 ಪ್ರಭೇದಗಳಿದ್ದು, ಬಹುಪಾಲು ಆಸ್ಟ್ರೇಲಿಯಾದ ಉತ್ತರಕ್ಕಿರುವ ನ್ಯೂಗಿನಿ ದ್ವೀಪ ಮತ್ತು ಅದರ ಸುತ್ತಲಿನ ಸಣ್ಣ ದ್ವೀಪಗಳಲ್ಲಿವೆ. ಬೆರಳೆಣಿಕೆಯಷ್ಟು ಇಂಡೋನೇಷ್ಯಾದ ಉತ್ತರ ಮಲುಕು ದ್ವೀಪಗಳಲ್ಲಿ, ನಾಲ್ಕು ಆಸ್ಟ್ರೇಲಿಯಾದ ಪೂರ್ವ ಭಾಗದಲ್ಲಿ.

ಹಾಗೆಂದು ನ್ಯೂಗಿನಿಗೆ ಸುಮ್ಮನೆ ಟಿಕೆಟ್ ತೆಗೆಯಬೇಡಿ. ಮೊದಲು ಹಕ್ಕಿ ಯಾವುದೆಂದು ಗೊತ್ತುಮಾಡಿಕೊಳ್ಳಿ, ಊರು ಆಮೇಲೆ. ದ್ವೀಪದ ಬೆನ್ನಿಗೆ 4,000 ಮೀಟರ್ ದಾಟುವ ಪರ್ವತಗಳಿವೆ. ಒಂದೊಂದು ಎತ್ತರಕ್ಕೆ, ಒಂದೊಂದು ಕಣಿವೆಗೆ ಹಕ್ಕಿ ಬದಲಾಗುತ್ತದೆ. ಕಿಂಗ್ ಬರ್ಡ್ ಆಫ್ ಪ್ಯಾರಡೈಸ್ ತಗ್ಗಿನ ಕಾಡಿನದು. ಬಾಲವೇ ಮೀಟರ್‌ವರೆಗೆ ಬೆಳೆಯುವ ರಿಬ್ಬನ್-ಟೇಲ್ಡ್ ಅಸ್ಟ್ರೇಪಿಯಾ ಬೇಕಾದರೆ ಪಪುವಾ ನ್ಯೂಗಿನಿಯ ಮೌಂಟ್ ಹಾಗೆನ್, ತಾರಿ ಕಡೆಯ ಚಳಿಯ ಕಾಡು ಹತ್ತಬೇಕು. ಆ ದೇಶದ ಬಾವುಟದಲ್ಲಿರುವುದು ರಗ್ಗಿಯಾನ ಎಂಬ ಪ್ರಭೇದ. ಅದು ದ್ವೀಪದ ದಕ್ಷಿಣ ಮತ್ತು ಪೂರ್ವ ಭಾಗದ್ದು.

ವಿಡಿಯೋಗಳಲ್ಲಿ ಹೆಚ್ಚು ಕಾಣುವ ವಿಲ್ಸನ್ಸ್ ಬರ್ಡ್ ಆಫ್ ಪ್ಯಾರಡೈಸ್ ಅಂತೂ ಇಂಡೋನೇಷ್ಯಾದ ರಾಜಾ ಅಂಪಾತ್ ದ್ವೀಪಸಮೂಹದ ವೈಗೆಯೊ ಮತ್ತು ಬತಾಂತಾ ದ್ವೀಪ ಬಿಟ್ಟರೆ ಬೇರೆಲ್ಲೂ ಇಲ್ಲ. ಸೊರೊಂಗ್‌ವರೆಗೆ ವಿಮಾನ, ಅಲ್ಲಿಂದ ವೈಗೆಯೊದ ವೈಸಾಯಿಗೆ ದೋಣಿ. ಗಂಡು ಹಕ್ಕಿ ಕುಣಿಯಲು ಕಾಡಿನ ನೆಲದಲ್ಲಿ ಒಂದಿಷ್ಟು ಜಾಗ ಆರಿಸಿಕೊಂಡು, ಬಿದ್ದ ಎಲೆಗಳನ್ನು ಒಂದೊಂದಾಗಿ ಕೊಕ್ಕಿನಿಂದ ಎತ್ತಿ ಆಚೆ ಎಸೆಯುತ್ತದೆ. ನೆತ್ತಿ ಬೋಳು, ಕಡುನೀಲಿ. ಬಾಲದ ಎರಡು ಗರಿ ಎದುರುಬದುರು ಸುರುಳಿ ಸುತ್ತಿರುತ್ತವೆ. ಬೆಳಕು ಹರಿಯುವ ಮೊದಲೇ, ಹಕ್ಕಿಗೆ ಕಾಣದಂತೆ ನೋಡುಗರು ಅಡಗುವ ಮರೆಗೂಡಿನೊಳಗೆ ಕೂತಿರಬೇಕು. ತಡವಾಗಿ ಹೋಗಿ ಗಲಾಟೆ ಮಾಡಿದರೆ ಅಂದಿನ ಕುಣಿತ ಅಲ್ಲಿಗೆ ಮುಗಿಯಿತು. ಮೊಬೈಲ್ ಫ್ಲ್ಯಾಶ್ ಹಾಕುವವರನ್ನು ಜೊತೆಗೆ ಕರೆದೊಯ್ಯದಿರುವುದೇ ಮೇಲು.

ನಿರಾಸೆಯಾಗುವುದು ಸಾಮಾನ್ಯವಾಗಿ ಎರಡು ಕಾರಣಕ್ಕೆ. ಒಂದು, ತಪ್ಪು ತಿಂಗಳಲ್ಲಿ ಹೋಗುವುದು. ಗಂಡುಗಳು ವರ್ಷಕ್ಕೊಮ್ಮೆ ಅಲಂಕಾರದ ಗರಿ ಉದುರಿಸುತ್ತವೆ. ರಾಜಾ ಅಂಪಾತ್‌ಗಾದರೆ ಜುಲೈಯಿಂದ ಅಕ್ಟೋಬರ್ ಒಳ್ಳೆಯದು. ಇನ್ನೊಂದು, ಕಣ್ಣಿಗೆ ಬೀಳುವವುಗಳಲ್ಲಿ ಹೆಚ್ಚಿನವು ಮಾಸಲು ಕಂದು ಹಕ್ಕಿಗಳೇ. ಹೆಣ್ಣುಗಳ ಬಣ್ಣವೇ ಹಾಗೆ. ಗಂಡುಮರಿಗಳೂ ಪೂರ್ತಿ ಗರಿ ತೊಡಲು ಹಲವು ವರ್ಷ ಬೇಕು.

ಇಷ್ಟು ಓಡಾಟ ಆಗದು ಎನ್ನುವವರಿಗೆ ಆಸ್ಟ್ರೇಲಿಯಾ ಸುಲಭ. ಕೇರ್ನ್ಸ್ ಹತ್ತಿರದ ಅಥರ್ಟನ್ ಪ್ರಸ್ಥಭೂಮಿಯಲ್ಲಿ ಇದೇ ಕುಟುಂಬದ ವಿಕ್ಟೋರಿಯಾಸ್ ರೈಫಲ್‌ಬರ್ಡ್ ಸಿಗುತ್ತದೆ. ಬ್ರಿಸ್ಬೇನ್‌ನಲ್ಲಿ ನೆಂಟರಿದ್ದರೆ ಇನ್ನೂ ಅನುಕೂಲ: ಕಾರಿನಲ್ಲಿ ಲ್ಯಾಮಿಂಗ್ಟನ್ ರಾಷ್ಟ್ರೀಯ ಉದ್ಯಾನಕ್ಕೆ ಹೋಗಿ ಪ್ಯಾರಡೈಸ್ ರೈಫಲ್‌ಬರ್ಡ್ ಹುಡುಕಬಹುದು. ದೂರಕ್ಕೆ ಬರೀ ಕಪ್ಪಾಗಿ ಕಾಣುತ್ತದೆ, ಬಿಸಿಲು ಬಿದ್ದಾಗಲೇ ಕತ್ತಿನ ಹಸಿರು-ನೀಲಿ ಹೊಳೆಯುವುದು. ಹಾಗಾಗಿ ಮೋಡದ ದಿನ ಬೇಡ.