ಕೆನಡಾ ಎಣಿಸದೆ ಬಿಟ್ಟ ಬಾಗಿಲು

ನಾವು ರಾಜ್ಯೋತ್ಸವದ ಬಾವುಟ ಏರಿಸುವ ನವೆಂಬರ್ 1 ಕೆನಡಾದ ವಲಸೆ ಸಚಿವರಿಗೆ ಗಡುವಿನ ದಿನ. ಮುಂದಿನ ವರ್ಷ ಎಷ್ಟು ಜನರಿಗೆ ಕಾಯಂ ವಾಸದ ಅನುಮತಿ ಕೊಡಬೇಕೆಂಬ ಲೆಕ್ಕವನ್ನು ಅವರು ಅಷ್ಟರೊಳಗೆ ಸಂಸತ್ತಿನ ಮುಂದಿಡಬೇಕು. ನಮ್ಮಲ್ಲಿ ವಿದೇಶದ ಕನಸು ಕಟ್ಟಿಕೊಂಡವರೆಲ್ಲ ‘ಪಿ.ಆರ್.’ ಎನ್ನುವುದು ಇದನ್ನೇ. 2022ರಲ್ಲಿ ಮಂಡಿಸಿದ ಮೂರು ವರ್ಷದ ಯೋಜನೆಯ ಪ್ರಕಾರ 2025ರ ಗುರಿ 5 ಲಕ್ಷ. 2024ರ ಅಕ್ಟೋಬರ್‌ನಲ್ಲಿ ಪ್ರಧಾನಿ ಜಸ್ಟಿನ್ ಟ್ರೂಡೊ ಅದನ್ನು 3.95 ಲಕ್ಷಕ್ಕೆ ಇಳಿಸಿದರು, ತಮ್ಮ ಸರ್ಕಾರ ಸಮತೋಲನ ತಪ್ಪಿತ್ತು ಎಂದೂ ಒಪ್ಪಿಕೊಂಡರು. ತಪ್ಪಿದ್ದು ಎಲ್ಲಿ ಎಂದು ಹುಡುಕಲು ಹೊರಟರೆ ಮಾತ್ರ ಈ 5 ಲಕ್ಷದ ಅಂಕಿ ಹೆಚ್ಚೇನೂ ಹೇಳುವುದಿಲ್ಲ.

ಜನ ಬೇಕು, ಆದರೆ ಎಲ್ಲರೂ ಬೇಡ ಎಂಬುದು ಆ ದೇಶದ ಹಳೆಯ ಇಬ್ಬಂದಿ. 1913ರಲ್ಲಿ ಒಂದೇ ವರ್ಷ 4 ಲಕ್ಷಕ್ಕೂ ಹೆಚ್ಚು ವಲಸಿಗರು ಬಂದಿಳಿದರು, ಆ ದಾಖಲೆ ಮುರಿಯಲು 2021 ಬರಬೇಕಾಯಿತು. ಅಂದಿನ ಆ ಜಾತ್ರೆಯಲ್ಲಿ ಭಾರತೀಯರಿಗೆ ಜಾಗವಿರಲಿಲ್ಲ. ಚೀನೀಯರ ಮೇಲೆ ತಲೆಗಂದಾಯ ಹೇರಿದ್ದರು, 1903ರ ಹೊತ್ತಿಗೆ ಅದು 500 ಡಾಲರ್ ಮುಟ್ಟಿತ್ತು. ಭಾರತೀಯರು ಬ್ರಿಟಿಷ್ ಸಾಮ್ರಾಜ್ಯದ ಪ್ರಜೆಗಳಾದ್ದರಿಂದ ಹೆಸರು ಹಿಡಿದು ತಡೆದರೆ ಲಂಡನ್ನಿಗೆ ಮುಜುಗರ. ಹಾಗಾಗಿ 1908ರಲ್ಲಿ ಜಾಣ ನಿಯಮವೊಂದು ಹುಟ್ಟಿತು: ವಲಸಿಗರು ಹುಟ್ಟಿದ ದೇಶದಿಂದ ಎಲ್ಲಿಯೂ ಹಡಗು ಬದಲಿಸದೆ ನೇರವಾಗಿ ಬರಬೇಕು, ಏಷ್ಯಾದವರ ಕೈಯಲ್ಲಿ 200 ಡಾಲರ್ ಇರಬೇಕು. ಭಾರತದಿಂದ ನೇರ ಟಿಕೆಟ್ ಮಾರುವುದನ್ನು ಹಡಗು ಕಂಪನಿ ನಿಲ್ಲಿಸಿಬಿಟ್ಟಿತು. ಇಡೀ ನಿಯಮದಲ್ಲಿ ಭಾರತ ಎಂಬ ಪದವೇ ಇಲ್ಲ, ಬಾಗಿಲಿಗೆ ಮಾತ್ರ ಬೀಗ.

1914ರ ಮೇ 23ರಂದು ವ್ಯಾಂಕೂವರ್ ಬಂದರಿಗೆ ಬಂದ ಕೊಮಗಾಟ ಮಾರು ಹಡಗು ಈ ಬೀಗವನ್ನೇ ಪರೀಕ್ಷಿಸಲು ಹೊರಟಿತ್ತು. ಗುರುದಿತ್ ಸಿಂಗ್ ಬಾಡಿಗೆಗೆ ಪಡೆದ ಆ ಹಡಗಿನಲ್ಲಿ 376 ಪ್ರಯಾಣಿಕರಿದ್ದರು, ಹೆಚ್ಚಿನವರು ಪಂಜಾಬಿನ ಸಿಖ್ಖರು. ದಡ ಕಣ್ಣಿಗೆ ಕಾಣುತ್ತಿತ್ತು, ಕಾಲಿಡಲು ಬಿಡಲಿಲ್ಲ. ಅನ್ನ ನೀರಿಗೂ ತತ್ವಾರವಾಗಿ ಎರಡು ತಿಂಗಳು ನಿಂತು, ಇಪ್ಪತ್ತು ಚಿಲ್ಲರೆ ಮಂದಿಯನ್ನಷ್ಟೇ ಇಳಿಸಿ, ಜುಲೈ 23ರಂದು ಹಡಗು ಹಿಂತಿರುಗಿತು. ಕಲ್ಕತ್ತಾ ಸಮೀಪದ ಬಜ್‌ಬಜ್‌ನಲ್ಲಿ ಇಳಿದವರ ಮೇಲೆ ಬ್ರಿಟಿಷ್ ಪೊಲೀಸರು ಗುಂಡು ಹಾರಿಸಿದರು. ಕೆನಡಾ ಸಂಸತ್ತಿನಲ್ಲಿ ಕ್ಷಮೆ ಕೇಳಿದ್ದು 2016ರಲ್ಲಿ.

ಸ್ವಾತಂತ್ರ್ಯದ ನಂತರವೂ ಬಾಗಿಲು ತೆರೆದದ್ದು ಕೂದಲೆಳೆಯಷ್ಟು. 1951ರಲ್ಲಿ ಇಡೀ ಭಾರತಕ್ಕೆ ಸಿಕ್ಕ ಕೋಟಾ ವರ್ಷಕ್ಕೆ 150. ನಮ್ಮ ಒಂದು ಮದುವೆ ದಿಬ್ಬಣದಲ್ಲಿ ಅದಕ್ಕಿಂತ ಹೆಚ್ಚು ಜನ ಇರುತ್ತಾರೆ. 1962ರಲ್ಲಿ ಸಚಿವೆ ಎಲೆನ್ ಫೇರ್‌ಕ್ಲಾ ತಂದ ನಿಯಮಗಳು ಜನಾಂಗದ ಅಡ್ಡಿಯನ್ನು ಬಹುಮಟ್ಟಿಗೆ ತೆಗೆದವು. 1967ರಲ್ಲಿ ಅಂಕ ಪದ್ಧತಿ ಬಂತು. ಓದು, ವಯಸ್ಸು, ಭಾಷೆ, ಕಸುಬಿಗೆ ಇಷ್ಟಿಷ್ಟು ಅಂಕ, ಹುಟ್ಟಿದ ಊರಿಗೆ ಸೊನ್ನೆ. ಎಂಜಿನಿಯರುಗಳನ್ನು ಹೇರಳವಾಗಿ ತಯಾರಿಸುತ್ತಿದ್ದ ಭಾರತಕ್ಕೆ ಇದು ಹೇಳಿ ಮಾಡಿಸಿದ ದಾರಿಯಾಯಿತು. ಸಿರಾ ಮೂಲದ ಸಂಸದ ಚಂದ್ರ ಆರ್ಯ 2022ರ ಮೇ ತಿಂಗಳಲ್ಲಿ ಅಲ್ಲಿನ ಸಂಸತ್ತಿನಲ್ಲಿ ಕನ್ನಡದಲ್ಲಿ ಮಾತನಾಡಿದಾಗ ನಾವೆಲ್ಲ ಮೊಬೈಲ್‌ನಲ್ಲಿ ನೋಡಿ ಹಿಗ್ಗಿದೆವು. ಅಷ್ಟು ದೂರದಲ್ಲಿ ಕನ್ನಡಕ್ಕೆ ಆ ವೇದಿಕೆ ಸಿಗುವ ಮೊದಲು ಈ ಬೇಲಿಗಳೆಲ್ಲ ಬೀಳಬೇಕಿತ್ತು.

ವರ್ಷಕ್ಕೊಂದು ಗುರಿ ಘೋಷಿಸುವ ಕ್ರಮ 1976ರ ಕಾಯಿದೆಯಿಂದ ಬಂದದ್ದು. ಅಲ್ಲಿಂದೀಚೆಗೆ ವಾಗ್ವಾದವೆಲ್ಲ ಆ ಅಂಕಿಯ ಸುತ್ತಲೇ. ಮುದುಕರು ಹೆಚ್ಚುತ್ತಿದ್ದಾರೆ, ತೆರಿಗೆ ಕಟ್ಟುವ ಕೈಗಳು ಬೇಕು ಎಂದು ಒಂದು ಕಡೆಯವರು, ಮನೆ ಎಲ್ಲಿವೆ ಎಂದು ಇನ್ನೊಂದು ಕಡೆಯವರು. ಕಾಯಂ ವಾಸಿಗಳ ಗುರಿಗೆ ಇಷ್ಟೆಲ್ಲ ಚರ್ಚೆ ನಡೆಯುತ್ತಿದ್ದರೆ, ತಾತ್ಕಾಲಿಕವಾಗಿ ಬರುವ ವಿದ್ಯಾರ್ಥಿಗಳಿಗೂ ಕೆಲಸಗಾರರಿಗೂ ಒಟ್ಟು ಮಿತಿಯೇ ಇರಲಿಲ್ಲ. 2023ರಲ್ಲಿ ಕೆನಡಾದ ಜನಸಂಖ್ಯೆ ಸುಮಾರು 12.7 ಲಕ್ಷ ಏರಿತು. ಅದರಲ್ಲಿ ಕಾಯಂ ವಾಸಿಗಳು 4.71 ಲಕ್ಷ, ತಾತ್ಕಾಲಿಕರ ಹೆಚ್ಚಳ 8 ಲಕ್ಷ. ಮುಂಬಾಗಿಲಲ್ಲಿ ಕೂತು ತಲೆ ಎಣಿಸುತ್ತಿದ್ದವರಿಗೆ ಹಿತ್ತಿಲ ಬಾಗಿಲ ನೆನಪೇ ಆಗಲಿಲ್ಲ.

ನೆನಪಾಗಲಿಲ್ಲ ಎನ್ನುವುದು ತೀರ ಉದಾರದ ಮಾತಾಯಿತೇನೋ, ಏಕೆಂದರೆ ಅದರಿಂದ ಅನೇಕರಿಗೆ ಲಾಭವಿತ್ತು. ಒಂಟಾರಿಯೊ ಪ್ರಾಂತ್ಯದ ಸರ್ಕಾರ 2019ರಲ್ಲಿ ಸ್ಥಳೀಯ ವಿದ್ಯಾರ್ಥಿಗಳ ಶುಲ್ಕವನ್ನು ಶೇ 10ರಷ್ಟು ಇಳಿಸಿ, ಮತ್ತೆ ಏರದಂತೆ ಕಟ್ಟಿಹಾಕಿತು. ಕೈಕಟ್ಟಿದ ಕಾಲೇಜುಗಳು ಹಲವು ಪಟ್ಟು ಶುಲ್ಕ ಕೊಡುವ ವಿದೇಶಿ ವಿದ್ಯಾರ್ಥಿಗಳತ್ತ ತಿರುಗಿದವು. ಏಜೆಂಟರು ಮಾರುತ್ತಿದ್ದ ಸರಕು ಹೆಸರಿಗೆ ಎರಡು ವರ್ಷದ ಡಿಪ್ಲೊಮಾ, ನಿಜದಲ್ಲಿ ಅದರ ಬಾಲಕ್ಕೆ ಅಂಟಿಕೊಂಡ ಮೂರು ವರ್ಷದ ಕೆಲಸದ ಪರವಾನಗಿ ಮತ್ತು ಅದರಾಚೆಗಿನ ಪಿ.ಆರ್. ಕೋವಿಡ್ ನಂತರ ಆಳು ಸಿಗದೆ ಪರದಾಡುತ್ತಿದ್ದ ಅಂಗಡಿ, ಹೋಟೆಲುಗಳಿಗಾಗಿ 2022ರಲ್ಲಿ ವಿದ್ಯಾರ್ಥಿಗಳ ವಾರಕ್ಕೆ 20 ತಾಸಿನ ದುಡಿಮೆಯ ಮಿತಿಯನ್ನೂ ಸಡಿಲಿಸಿದರು. 2023ರ ಕೊನೆಗೆ ಅಧ್ಯಯನ ಪರವಾನಗಿ ಉಳ್ಳವರ ಸಂಖ್ಯೆ 10 ಲಕ್ಷ ದಾಟಿತು, ಭಾರತೀಯರದೇ ಅತಿ ದೊಡ್ಡ ಪಾಲು. ಟೊರಾಂಟೊ ಪಕ್ಕದ ಬ್ರಾಂಪ್ಟನ್‌ನ ನೆಲಮಾಳಿಗೆಗಳಲ್ಲಿ ಹಾಸಿಗೆಗೆ ಹಾಸಿಗೆ ತಾಗಿಸಿ ಮಲಗಿದವರು ಇವರೇ.

ಬಾಡಿಗೆ ಏರಿದಂತೆ ಜನರ ಮನಸ್ಸೂ ತಿರುಗಿತು. ವಲಸೆ ಅತಿಯಾಯಿತು ಎನ್ನುವವರು ಎನ್ವಿರಾನಿಕ್ಸ್ ಸಂಸ್ಥೆಯ ಸಮೀಕ್ಷೆಯಲ್ಲಿ 2022ರಲ್ಲಿ ಶೇ 27 ಇದ್ದರೆ 2024ಕ್ಕೆ ಶೇ 58. ಮನೆಗಳ ಕೊರತೆಗೆ ಹಳೆಯ ಕಾರಣಗಳು ಬೇಕಾದಷ್ಟಿದ್ದವು, ಆದರೆ ಸಿಟ್ಟಿಗೆ ಮುಖವೊಂದು ಬೇಕಲ್ಲ, ಅದು ತಲೆಗೆ ರುಮಾಲು ಸುತ್ತಿದ ಮುಖವಾಯಿತು.

ಸರ್ಕಾರ ಸರಸರನೆ ಬಾಗಿಲು ಎಳೆದುಕೊಂಡಿತು. 2024ರ ಜನವರಿಯಲ್ಲಿ ವಿದ್ಯಾರ್ಥಿಗಳಿಗೆ ಮೊದಲ ಬಾರಿ ಒಟ್ಟು ಮಿತಿ ಬಂತು. ಜೀವನ ವೆಚ್ಚಕ್ಕೆ ತೋರಿಸಬೇಕಾದ ಹಣ 10,000ದಿಂದ 20,635 ಡಾಲರಿಗೆ ಏರಿತು. 1908ರ 200 ಡಾಲರ್ ನೆನಪಾದರೆ ಅಚ್ಚರಿಯಿಲ್ಲ, ಆದರೆ ಈ ನಿಯಮ ಎಲ್ಲ ದೇಶಗಳವರಿಗೂ ಒಂದೇ ಎಂಬುದನ್ನು ಹೇಳಲೇಬೇಕು. ವಾರ್ಷಿಕ ಯೋಜನೆಯಲ್ಲಿ ತಾತ್ಕಾಲಿಕರ ಗುರಿಯೂ ಸೇರಿತು: ಜನಸಂಖ್ಯೆಯ ಶೇ 7 ಮೀರಿದ್ದ ಅವರ ಪಾಲನ್ನು ಶೇ 5ಕ್ಕೆ ಇಳಿಸಬೇಕು. ಮಾರ್ಕ್ ಕಾರ್ನಿ ಪ್ರಧಾನಿಯಾದ ಮೇಲೂ ಗಾಳಿ ಅದೇ ದಿಕ್ಕಿಗೆ ಬೀಸುತ್ತಿದೆ.

ಹಳೆಯ ನಿಯಮ ನಂಬಿ, ಮನೆ ಅಡವಿಟ್ಟು ಸಾಲ ಮಾಡಿ ಹೋದವರು ಈಗ ಅಂಕಗಳನ್ನು ಕೂಡಿಸುತ್ತ ಕೂತಿದ್ದಾರೆ. ಪಿ.ಆರ್. ಅಂಕಪಟ್ಟಿಯಲ್ಲಿ ಒಂಟಿ ಅಭ್ಯರ್ಥಿಗೆ 29ರವರೆಗೆ ವಯಸ್ಸಿನ ಅಂಕ 110. ಮೂವತ್ತು ತುಂಬಿದ ದಿನ ಅದು 105, ಮರುವರ್ಷ 99. ಕೆಲಸದ ಆಹ್ವಾನ ಪತ್ರಕ್ಕೆ ಸಿಗುತ್ತಿದ್ದ 50 ಅಂಕವನ್ನು 2025ರ ಮಾರ್ಚ್‌ನಲ್ಲಿ ತೆಗೆದುಹಾಕಿದರು, ಆ ಪತ್ರಗಳನ್ನೇ ಕೆಲವರು ದುಡ್ಡಿಗೆ ಮಾರತೊಡಗಿದ್ದರು.